ಘಟ್ಟ ಹತ್ತಿ ಬಂದ ಉಪ್ಪು

ರವಿವಾರ ಪೇಟೆ ಬೆಳಗಾವಿಯ ದಿನಸಿ ಸಗಟು ವ್ಯಾಪಾರದ ಹಳೆಯ ಜಾಗ. ಅಕ್ಕಿ, ಬೇಳೆ, ಬೆಲ್ಲ, ಮೆಣಸಿನಕಾಯಿಗಳ ನಡುವೆ ಉಪ್ಪೂ ಅಲ್ಲಿ ಮಾರಾಟವಾಗುತ್ತದೆ. ಆದರೆ ಆ ಉಪ್ಪಿಗೆ ಈಗ ಊರಿಲ್ಲ. ದೇಶದ ಉಪ್ಪಿನ ಬಹುಪಾಲು ಗುಜರಾತಿನದು. ಅದು ತೊಳೆದು, ಪುಡಿಮಾಡಿ, ಅಯೋಡಿನ್ ಬೆರೆಸಿ, ಚೀಲ ತುಂಬಿಸಿಕೊಂಡು ಲಾರಿಯಲ್ಲಿ ಬಂದಿಳಿಯುತ್ತದೆ. ನೂರೈವತ್ತು ವರ್ಷಗಳ ಹಿಂದೆ ಬೆಳಗಾವಿ ಮತ್ತು ಖಾನಾಪುರದ ಮನೆಗಳು ತಿಂದ ಉಪ್ಪಿಗೆ ಊರಿತ್ತು, ದಾರಿಯಿತ್ತು, ಅದರ ಮೇಲೆ ಇಬ್ಬರು ದೊರೆಗಳ ಕಣ್ಣೂ ಇತ್ತು. ಆ ಉಪ್ಪಿನ ಚರಿತ್ರೆಯನ್ನು ತೆರಿಗೆ, ಸತ್ಯಾಗ್ರಹಗಳ ಚರಿತ್ರೆಯಾಗಿ ನಾವು ಓದಿದ್ದೇವೆ. ಅದು ಔಷಧದ ಚರಿತ್ರೆಯೂ ಹೌದು ಎಂಬುದು ನನ್ನ ವಾದ. ರೋಗಾಣುಗಳನ್ನು ಕೊಲ್ಲುವ ಹೊಸ ಪದಾರ್ಥಗಳಿಗಾಗಿ ಜಗತ್ತಿನ ವಿಜ್ಞಾನಿಗಳು ಇಂದು ಸಮುದ್ರದ ಬ್ಯಾಕ್ಟೀರಿಯಾಗಳನ್ನು ಜಾಲಾಡುತ್ತಿದ್ದಾರೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಅಂಥ ಬ್ಯಾಕ್ಟೀರಿಯಾಗಳ ಬಹು ವಿಶಿಷ್ಟವಾದ ನೆಲೆಗಳಲ್ಲಿ ಉಪ್ಪಿನಾಗರವೂ ಒಂದು. ಅದನ್ನು ಕಟ್ಟಿದ್ದು ಮನುಷ್ಯರು, ಶತಮಾನಗಳ ಕಾಲ ಉಳಿಸಿದ್ದು ಘಟ್ಟದ ಮೇಲಿನ ಪೇಟೆಗಳ ಬೇಡಿಕೆ. ಬೇಡಿಕೆ ಸತ್ತರೆ ಆಗರ ಸಾಯುತ್ತದೆ, ಆಗರದೊಂದಿಗೆ ಅದರ ಜೀವಿಗಳೂ ಹೋಗುತ್ತವೆ.

ದಾರಿಯಿಂದಲೇ ಶುರುಮಾಡಬೇಕು, ಏಕೆಂದರೆ ಖಾನಾಪುರದ ನೆಲದ ಗುಣ ಇಲ್ಲಿ ಮುಖ್ಯ. ಒಂದೇ ತಾಲ್ಲೂಕಿನಲ್ಲಿ ಎರಡು ನದಿಗಳು ಹುಟ್ಟಿ ಎರಡು ಸಮುದ್ರಗಳಿಗೆ ಹೋಗುತ್ತವೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರುತ್ತದೆ. ಭೀಮಗಡದ ಕಾಡಿನ ಬದಿಯ ದೇಗಾಂವದಲ್ಲಿ ಹುಟ್ಟುವ ಮಹಾದಾಯಿ ಪಶ್ಚಿಮಕ್ಕೆ ಇಳಿದು ಗೋವೆಯಲ್ಲಿ ಮಾಂಡೋವಿಯಾಗುತ್ತದೆ. ಈ ನದಿಯ ಹೆಸರೆತ್ತಿದರೆ ಇಂದು ನಮಗೆ ನೀರು ಹಂಚಿಕೆಯ ನ್ಯಾಯಮಂಡಳಿಯೇ ನೆನಪಾಗುವುದು ಸಹಜ, ಆದರೆ ಅದಕ್ಕೆ ಇನ್ನೊಂದು ಸಂಬಂಧವಿದೆ. ಪಣಜಿಯ ಬಳಿ ಅದು ಸಮುದ್ರಕ್ಕೆ ಸೇರುವ ಅಳಿವೆಯ ಎರಡೂ ಬದಿಗೆ, ರಿಬಂದರ್, ನೇರೂಲ್‌ಗಳಲ್ಲಿ, ಗೋವೆಯ ಹೆಸರಾಂತ ಉಪ್ಪಿನಾಗರಗಳು ಹಬ್ಬಿದ್ದವು. ಖಾನಾಪುರದ ಮಳೆನೀರು ಕೆಳಗಿಳಿದು ಭರತದ ಉಪ್ಪುನೀರಿನೊಂದಿಗೆ ಬೆರೆಯುತ್ತಿದ್ದ ಜಾಗದಲ್ಲೇ ಉಪ್ಪು ಬೆಳೆದು, ಮತ್ತೆ ಖಾನಾಪುರದ ಮೇಲೆ ಹಾದು ಬಯಲುಸೀಮೆಗೆ ಹೋಗುತ್ತಿತ್ತು. ಹೊತ್ತು ತಂದವರು ಲಮಾಣಿಗಳು, ವಂಜಾರಿಗಳು. ಅವರ ಹೇರೆತ್ತುಗಳ ಸಾಲು ಚೋರ್ಲಾ, ತಿನೈಘಾಟಗಳ ಕಡೆಯಿಂದಲೂ, ವೆಂಗುರ್ಲಾ ಬಂದರಿನಿಂದ ರಾಮಘಾಟದ ಕಡಿದಾದ ದಾರಿಯಲ್ಲೂ ಹತ್ತಿಬರುತ್ತಿತ್ತು. ಘಟ್ಟದ ಮೇಲಿನ ಅಕ್ಕಿ, ಕಾಳು ಕೆಳಗಿಳಿಯುತ್ತಿದ್ದವು; ಉಪ್ಪು, ತೆಂಗಿನಕಾಯಿ, ಒಣಮೀನು ಮೇಲೇರುತ್ತಿದ್ದವು. ಈ ವ್ಯಾಪಾರ ಮಳೆಗಾಲದಲ್ಲಿ ನಿಂತು ಬೇಸಿಗೆಯಲ್ಲಿ ನಡೆಯುತ್ತಿತ್ತು. ಆಗರದ ಕೆಲಸದ ಕಾಲವೂ ಅದೇ: ಚಳಿ ಮುಗಿಯುವ ಹೊತ್ತಿಗೆ ಉಪ್ಪು ಕಟ್ಟುವ ಕಣ ಹದಮಾಡಿ, ಮೊದಲ ಮಳೆ ಬೀಳುವ ಮುನ್ನ ಕೊನೆಯ ಉಪ್ಪು ಎಳೆಯಬೇಕು.

ಈ ವ್ಯಾಪಾರ ಎಷ್ಟು ದೊಡ್ಡದಿತ್ತು ಎಂಬುದಕ್ಕೆ ಒಂದು ಒಪ್ಪಂದವೇ ಸಾಕ್ಷಿ. ಬ್ರಿಟಿಷರು ತಮ್ಮ ಸೀಮೆಯಲ್ಲಿ ಉಪ್ಪಿನ ಮೇಲೆ ಭಾರೀ ತೆರಿಗೆ ಹಾಕಿದ್ದರು. ಪೋರ್ಚುಗೀಸರ ಗೋವೆಯಲ್ಲಿ ಉಪ್ಪು ಅಗ್ಗ. ಗಡಿಯಲ್ಲಿ ಜಕಾತಿ ನಾಕಾಗಳನ್ನು ಎಷ್ಟು ಕಟ್ಟಿದರೂ ಕಾಡುದಾರಿಯಲ್ಲಿ ಉಪ್ಪು ನುಸುಳುತ್ತಿತ್ತು. ಕೊನೆಗೆ 1878ರ ಡಿಸೆಂಬರ್ 26ರಂದು ಲಿಸ್ಬನ್ನಿನಲ್ಲಿ ಎರಡೂ ಸರ್ಕಾರಗಳು ಸಹಿ ಹಾಕಿದವು. ವರ್ಷಕ್ಕೆ 4 ಲಕ್ಷ ರೂಪಾಯಿ ಕೊಟ್ಟು, ಗೋವೆಯಲ್ಲಿ ಉಪ್ಪು ತಯಾರಿಸುವ, ಮಾರುವ, ಬೇಡವೆನಿಸಿದ ಆಗರಗಳನ್ನು ಮುಚ್ಚಿಸುವ ಅಧಿಕಾರವನ್ನು ಬ್ರಿಟಿಷರು ಪಡೆದರು. ಇದು 1880ರ ಜನವರಿಯಲ್ಲಿ ಜಾರಿಗೆ ಬಂದು 1892ರ ಜನವರಿಯಲ್ಲಿ ಕೊನೆಗೊಂಡಿತು. ಅದೇ ಒಪ್ಪಂದದ ಫಲವಾಗಿ ಮುರಗಾಂವ್ ಬಂದರಿನಿಂದ ಕ್ಯಾಸಲ್‌ರಾಕ್‌ವರೆಗೆ ರೈಲುದಾರಿ ಹುಟ್ಟಿತು. 1888ರಲ್ಲಿ ಅದು ಘಟ್ಟ ಹತ್ತಿತು. ಖಾನಾಪುರ ತಾಲ್ಲೂಕಿನ ಲೋಂಡಾ ಜಂಕ್ಷನ್ ಆಗಿ ಬೆಳೆದದ್ದು, ಹೇರೆತ್ತುಗಳು ನಿಂತುಹೋದದ್ದು ಇದರ ಹಿಂದೆಯೇ. ಬ್ರಿಟಿಷ್ ಸೀಮೆಯಲ್ಲಿ ಮಣ ಉಪ್ಪಿಗೆ 1882ರಲ್ಲಿ 2 ರೂಪಾಯಿ ಇದ್ದ ತೆರಿಗೆ 1888ರಲ್ಲಿ ಎರಡೂವರೆಗೆ ಏರಿತು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಜನ ಉಪ್ಪು ಕಾಯಿಸಿದ್ದರ ಹಿಂದೆ ಈ ಉದ್ದದ ಕಹಿ ಇದೆ. ಈ ಭಾಗ ಎಲ್ಲರಿಗೂ ಗೊತ್ತು, ಅದನ್ನು ಇಲ್ಲಿಗೇ ಬಿಡುತ್ತೇನೆ.

ಗೊತ್ತಿಲ್ಲದ ಭಾಗ ಆ ಉಪ್ಪಿನೊಳಗೆ ಏನಿತ್ತು ಎಂಬುದು. ಆಗರವೆಂದರೆ ಸಮುದ್ರವನ್ನು ಮೆಟ್ಟಿಲು ಮೆಟ್ಟಿಲಾಗಿ ಗಟ್ಟಿಮಾಡುವ ವ್ಯವಸ್ಥೆ. ಭರತದ ನೀರು ಮೊದಲ ಕಟ್ಟೆಗೆ ಬರುವಾಗ ಅದರಲ್ಲಿ ಉಪ್ಪಿನ ಅಂಶ ಶೇಕಡಾ ಮೂರೂವರೆಯಷ್ಟು. ಬಿಸಿಲಿಗೆ ಅದು ಒಂದು ಕಣದಿಂದ ಮುಂದಿನ ಕಣಕ್ಕೆ ಹರಿದಂತೆ ಶೇಕಡಾ 25ರ ಸುಮಾರಿಗೆ ಏರುತ್ತದೆ, ಆಗ ಹರಳು ಕಟ್ಟಲು ತೊಡಗುತ್ತದೆ. ಸಾಮಾನ್ಯ ಬ್ಯಾಕ್ಟೀರಿಯಾ ಆ ನೀರಿನಲ್ಲಿ ಬಿದ್ದರೆ ಮೈಯ ನೀರೆಲ್ಲ ಹೊರಹೋಗಿ ಸಾಯುತ್ತದೆ. ಮೀನಿಗೆ, ಉಪ್ಪಿನಕಾಯಿಗೆ ಉಪ್ಪು ಹಾಕುವುದರ ಗುಟ್ಟೂ ಅದೇ. ಆದರೆ ಕೊನೆಯ ಕಣದ ನೀರು ಹಲವೊಮ್ಮೆ ತಿಳಿಗೆಂಪಾಗುತ್ತದೆ. ಆ ಕೆಂಪು ಉಪ್ಪನ್ನೇ ಬಯಸಿ ಬದುಕುವ ಸೂಕ್ಷ್ಮಜೀವಿಗಳದು. ಅವುಗಳ ಬಣ್ಣ ಬಿಸಿಲನ್ನು ಹೀರಿ ನೀರನ್ನು ಬೇಗ ಕಾಯಿಸುವುದರಿಂದ ಉಪ್ಪು ಬೇಗ ಕಟ್ಟುತ್ತದೆ ಕೂಡ. ಇವುಗಳಲ್ಲಿ ಹೆಚ್ಚಿನವು ಆರ್ಕಿಯಾ ಎಂಬ ಬೇರೆಯೇ ಕುಲಕ್ಕೆ ಸೇರಿದವು. ನಿಜವಾದ ಬ್ಯಾಕ್ಟೀರಿಯಾಗಳೂ ಅಲ್ಲಿವೆ ಎಂಬುದು ಸ್ಪೇನಿನ ಆಗರಗಳಿಂದ 2002ರಲ್ಲಿ ಹೆಸರಿಸಿದ ಸಲೈನಿಬ್ಯಾಕ್ಟರ್‌ನಿಂದ ಖಚಿತವಾಯಿತು. ಹರಳು ಕಟ್ಟುವಾಗ ಅದರೊಳಗೆ ಸಿಕ್ಕಿಕೊಳ್ಳುವ ಹನಿಗಳಲ್ಲಿ ಈ ಜೀವಿಗಳು ಸೆರೆಯಾಗುತ್ತವೆ, ಸಾಯದೆ ದೀರ್ಘಕಾಲ ಉಳಿಯುತ್ತವೆ. ಆದ್ದರಿಂದ ಹೇರೆತ್ತಿನ ಗೋಣಿಯಲ್ಲಿ ಘಟ್ಟ ಹತ್ತಿದ ಹರಳುಪ್ಪು ಬರೀ ಖನಿಜವಾಗಿರಲಿಲ್ಲ. ಸಮುದ್ರದಂಚಿನ ಜೀವವೂ ಅದರೊಳಗೆ ಕೂತು ಬೆಳಗಾವಿಗೆ ಬರುತ್ತಿತ್ತು ಎಂದು ಧೈರ್ಯವಾಗಿ ಹೇಳಬಹುದು.

ಇದನ್ನು ಮೊದಮೊದಲು ಗಮನಿಸಿದವರೂ ವ್ಯಾಪಾರದ ತೊಂದರೆಯಿಂದಲೇ ಗಮನಿಸಿದರು. ಬ್ರಿಟಿಷರು ಗೋವೆಯ ಆಗರಗಳನ್ನು ವಹಿಸಿಕೊಂಡ 1880ರ ಸುಮಾರಿಗೇ, ಅಮೆರಿಕದ ಸಸ್ಯಶಾಸ್ತ್ರಜ್ಞ ವಿಲಿಯಂ ಫಾರ್ಲೋ ಮ್ಯಾಸಚೂಸೆಟ್ಸಿನ ಮೀನು ವ್ಯಾಪಾರಿಗಳ ಒಂದು ದೂರಿನ ಬೆನ್ನುಹತ್ತಿದ್ದರು. ಬೇಸಿಗೆಯಲ್ಲಿ ಉಪ್ಪು ಹಚ್ಚಿದ ಕಾಡ್ ಮೀನು ಕೆಂಪಾಗಿ ಕೆಡುತ್ತಿತ್ತು. ಕೆಂಪಿನ ಮೂಲ ಮೀನಲ್ಲ, ಸ್ಪೇನಿನಿಂದ ಬರುತ್ತಿದ್ದ ಸಮುದ್ರದ ಉಪ್ಪು ಎಂದು ಅವರು ತೋರಿಸಿದರು. ಒಂದು ಕರಾವಳಿಯ ಆಗರದ ಜೀವಿ ಮೂಟೆಯೊಳಗೆ ಸಾಗರ ದಾಟಿ ಇನ್ನೊಂದು ಕರಾವಳಿಯ ಮೀನಿನ ಮೇಲೆ ಬೆಳೆದಿತ್ತು. ಸೂಕ್ಷ್ಮಜೀವಿಯ ಚರಿತ್ರೆಯನ್ನು ವ್ಯಾಪಾರದ ಚರಿತ್ರೆಯಿಂದ ಬಿಡಿಸಿ ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ನಮ್ಮ ಕಡೆಗೂ ಅದು ಕಹಿಯಾಗಿ ಅನುಭವಕ್ಕೆ ಬಂದಿತ್ತು: 1896ರಲ್ಲಿ ಮುಂಬಯಿಗೆ ಕಾಲಿಟ್ಟ ಪ್ಲೇಗ್, ಜನ ಮತ್ತು ಸರಕು ಓಡಾಡುವ ದಾರಿಗಳನ್ನೇ ಹಿಡಿದು ಕೆಲವೇ ವರ್ಷಗಳಲ್ಲಿ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳನ್ನು ಹಣಿದುಹಾಕಿತು. ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವುದೇ ಆಗ ಜನರಿಗೆ ಗೊತ್ತಿದ್ದ ಉಪಾಯ. ಹಾಫ್‌ಕಿನ್ ಲಸಿಕೆ ಬಂದರೂ ರೋಗ ಹತ್ತಿದವನಿಗೆ ಮದ್ದಿರಲಿಲ್ಲ.

ಆ ಮದ್ದು ಬಂದದ್ದು ನೆಲದ ಮಣ್ಣಿನಿಂದ. ಅಮೆರಿಕದ ರಟ್ಗರ್ಸ್‌ನಲ್ಲಿ ವಾಕ್ಸ್‌ಮನ್ ಮತ್ತು ಶಾಟ್ಜ್ 1943ರಲ್ಲಿ ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದಿಂದ ತೆಗೆದ ಸ್ಟ್ರೆಪ್ಟೊಮೈಸಿನ್ ಕ್ಷಯಕ್ಕೂ ಪ್ಲೇಗಿಗೂ ಮದ್ದಾಯಿತು. ಮುಂದಿನ ಇಪ್ಪತ್ತು ವರ್ಷ ಜಗತ್ತೇ ಮಣ್ಣು ಅಗೆಯಿತು. ಅದರಲ್ಲಿ ನಮ್ಮವರೂ ಇದ್ದರು. ಮೈಸೂರು ಸೀಮೆಯ ಎಂ. ಜೆ. ತಿರುಮಲಾಚಾರ್ ಪುಣೆಯ ಹತ್ತಿರದ ಪಿಂಪ್ರಿಯ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್‌ನಲ್ಲಿ ಅಲ್ಲಿಯ ಮಣ್ಣಿನ ಸ್ಟ್ರೆಪ್ಟೊಮೈಸಿಸ್‌ನಿಂದ ಶಿಲೀಂಧ್ರಗಳನ್ನು ಕೊಲ್ಲುವ ಹ್ಯಾಮೈಸಿನ್ ಕಂಡುಹಿಡಿದರು. ಆ ಬ್ಯಾಕ್ಟೀರಿಯಾ ಪಿಂಪ್ರಿಯ ಹೆಸರನ್ನೇ ಹೊತ್ತಿತು.  ಕೊನೆಗೆ ಮಣ್ಣು ಅಗೆದಷ್ಟೂ ಸಿಕ್ಕಿದ್ದೇ ಸಿಗತೊಡಗಿತು, ಕಣ್ಣು ಸಮುದ್ರದ ಕಡೆ ಹೊರಳಿತು.

ಸಮುದ್ರದ ಕಥೆಯಲ್ಲಿ ದೊಡ್ಡ ಗೆಲುವು ಒಂದು ಊರಿನ ಕಥೆ. 1945ರಲ್ಲಿ ಇಟಲಿಯ ಸಾರ್ಡೀನಿಯ ದ್ವೀಪದ ಕಾಲ್ಯಾರಿಯಲ್ಲಿ ಆರೋಗ್ಯಶಾಸ್ತ್ರದ ಪ್ರಾಧ್ಯಾಪಕ ಜುಸೆಪ್ಪೆ ಬ್ರೋಟ್ಜು ಒಂದು ವಿಚಿತ್ರ ಗಮನಿಸಿದರು. ಊರ ಕೊಳಚೆ ಸಮುದ್ರಕ್ಕೆ ಬೀಳುವ ಜಾಗದಲ್ಲೇ ಹುಡುಗರು ಈಜುತ್ತಿದ್ದರೂ ವಿಷಮಶೀತ ಜ್ವರ ನಿರೀಕ್ಷಿಸಿದಷ್ಟು ಹಬ್ಬಿರಲಿಲ್ಲ. ಆ ನೀರಿನಿಂದ ಅವರು ಬೆಳೆಸಿದ ಶಿಲೀಂಧ್ರ ಹಲವು ರೋಗಾಣುಗಳನ್ನು ಕೊಲ್ಲುತ್ತಿತ್ತು. 1948ರಲ್ಲಿ ಅವರು ಪ್ರಕಟಿಸಿದ್ದು ಹೆಚ್ಚು ಜನ ನೋಡದ ಸ್ಥಳೀಯ ಪ್ರಕಟಣೆಯಲ್ಲಿ. ಆದರೆ ಅವರು ಆಕ್ಸ್‌ಫರ್ಡಿಗೆ ಕಳಿಸಿದ ಮಾದರಿಯಿಂದ ಏಬ್ರಹಾಂ ಮತ್ತು ನ್ಯೂಟನ್ ಸೆಫಲೋಸ್ಪೋರಿನ್ ತೆಗೆದರು. ಇಂದು ಬೆಳಗಾವಿಯ ಯಾವ ಆಸ್ಪತ್ರೆಯೂ ಆ ಕುಟುಂಬದ ಔಷಧವಿಲ್ಲದೆ ನಡೆಯದು. ಅದು ಶಿಲೀಂಧ್ರ, ಬ್ಯಾಕ್ಟೀರಿಯಾ ಅಲ್ಲ ನಿಜ. ಸಮುದ್ರದ ಬ್ಯಾಕ್ಟೀರಿಯಾಗಳ ಸರದಿಯೂ ಹಿಂದೆಯೇ ಬಂತು. ರೋಸೆನ್‌ಫೆಲ್ಡ್ ಮತ್ತು ಝೋಬೆಲ್ 1947ರಲ್ಲೇ ಅವು ಪ್ರತಿಜೀವಕ (ಆ್ಯಂಟಿಬಯೋಟಿಕ್) ತಯಾರಿಸುತ್ತವೆ ಎಂದು ತೋರಿಸಿದರು. 1966ರಲ್ಲಿ ಬರ್ಕ್‌ಹೋಲ್ಡರ್ ತಂಡ ಪೋರ್ಟೊರಿಕೊದ ಕಡಲಹುಲ್ಲಿನ ಮೇಲಿನ ಬ್ಯಾಕ್ಟೀರಿಯಾದಲ್ಲಿ ಬ್ರೋಮಿನ್ ತುಂಬಿದ ಪ್ರತಿಜೀವಕ ಕಂಡಿತು. ಅಂಥದ್ದು ನೆಲದ ಮೇಲೆ ಅಪರೂಪ. ಅಮೆರಿಕದ ಫೆನಿಕಲ್ ಮತ್ತು ಜೆನ್ಸನ್ ಸಮುದ್ರತಳದ ಕೆಸರಿನಿಂದ ತೆಗೆದ ಸಲೈನಿಸ್ಪೋರಾ ಸಮುದ್ರದ ನೀರಿಲ್ಲದೆ ಬೆಳೆಯುವುದೇ ಇಲ್ಲ. 2004ರಲ್ಲಿ ಜಪಾನ್ ಸಮುದ್ರದ ಕೆಸರಿನ ಬ್ಯಾಕ್ಟೀರಿಯಾ ಕೊಟ್ಟ ಅಬಿಸ್ಸೊಮೈಸಿನ್, ಹಲವು ಔಷಧಗಳಿಗೆ ಬಗ್ಗದ ಸ್ಟ್ಯಾಫಿಲೊಕಾಕಸ್‌ಅನ್ನೂ ತಡೆಯಿತು.

ನಮ್ಮ ಆಗರಗಳಿಗೆ ಈ ಹುಡುಕಾಟ ತಲುಪದೆ ಇಲ್ಲ. 1966ರಲ್ಲಿ ಆರಂಭವಾಗಿ ಮುಂದೆ ಪಣಜಿಯ ದೋನಾ ಪಾವ್ಲಾದಲ್ಲಿ ನೆಲೆಗೊಂಡ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯೂ, ಗೋವಾ ವಿಶ್ವವಿದ್ಯಾಲಯವೂ ಆ ಅಳಿವೆಯ ನೆರೆಯಲ್ಲೇ ಇವೆ. ಗೋವಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗೋವೆಯ ಆಗರದ ಆಕ್ಟಿನೋಮೈಸೀಟ್‌ಗಳು, ಅಂದರೆ ಸ್ಟ್ರೆಪ್ಟೊಮೈಸಿಸ್‌ನ ಬಳಗ, ರೋಗಾಣುಗಳನ್ನು ತಡೆಯುವ ಪದಾರ್ಥಗಳನ್ನು ಹೊರಬಿಡುವುದನ್ನು ದಾಖಲಿಸಿದರು. ಇದು ಅನಿರೀಕ್ಷಿತವಲ್ಲ. ಆಗರದ ಬ್ಯಾಕ್ಟೀರಿಯಾ ವರ್ಷದಲ್ಲಿ ಕೆಲವು ತಿಂಗಳು ಮಳೆಯ ಸಿಹಿನೀರಲ್ಲಿ, ಕೆಲವು ತಿಂಗಳು ಭರತದ ನೀರಲ್ಲಿ, ಕೊನೆಗೆ ಉರಿಬಿಸಿಲಿನ ಹರಳುನೀರಲ್ಲಿ ಬದುಕಬೇಕು. ಇಷ್ಟು ತೀವ್ರವಾಗಿ ಬದಲಾಗುವ ಜಾಗದಲ್ಲಿ ಎದುರಾಳಿಯನ್ನು ಹಿಂದಿಕ್ಕಲು ರಾಸಾಯನಿಕ ಆಯುಧಗಳು ಬೇಕಾಗುತ್ತವೆ. ತೆರೆದ ಸಮುದ್ರದಲ್ಲಿ ಈ ಋತುಚಕ್ರವಿಲ್ಲ. ಅದನ್ನು ಸೃಷ್ಟಿಸಿದ್ದು ಕಟ್ಟೆ ಕಟ್ಟಿ, ತೂಬು ತೆಗೆದು, ಕಣ ತುಳಿದು ಹದಮಾಡಿದ ಆಗರದವರ ಕೈ.

ಇಲ್ಲಿ ಎದ್ದೇಳುವ ಮೊದಲ ಆಕ್ಷೇಪ ನ್ಯಾಯವಾದುದು. ಹೇರೆತ್ತು ಹೊಡೆದ ಲಮಾಣಿಗಾಗಲಿ, ಪೇಟೆಯಲ್ಲಿ ತೂಕ ಹಾಕಿದ ವ್ಯಾಪಾರಿಗಾಗಲಿ ಬ್ಯಾಕ್ಟೀರಿಯಾ ಗೊತ್ತಿರಲಿಲ್ಲ; ಅವರನ್ನು ಔಷಧ ಚರಿತ್ರೆಗೆ ಎಳೆತರುವುದು ಪೂರ್ವಜರಿಗೆ ಎಲ್ಲವೂ ಗೊತ್ತಿತ್ತೆಂಬ ಹಳೆಯ ಜಂಬದ ಹೊಸ ರೂಪವಲ್ಲವೇ? ನಾನು ಅವರಿಗೆ ಗೊತ್ತಿತ್ತೆಂದು ಹೇಳುತ್ತಿಲ್ಲ. ಉಪ್ಪು ಪ್ರತಿಜೀವಕ ಅಲ್ಲ, ಹರಳುಪ್ಪು ತಿಂದರೆ ಸೋಂಕು ವಾಸಿಯಾಗದು, ಹಾಗೆ ಪ್ರಚಾರ ಮಾಡುವವರನ್ನು ನಂಬಬಾರದು. ಅವರು ಕೊಟ್ಟದ್ದು ತಿಳಿವಳಿಕೆಯಲ್ಲ, ನೆಲೆ. ಗದ್ದೆಯ ರೈತನಿಗೆ ವಂಶವಾಹಿ ಗೊತ್ತಿರಲಿಲ್ಲ, ಆದರೂ ಖಾನಾಪುರದ ಭತ್ತದ ತಳಿಗಳು ಉಳಿದದ್ದು ಅವನು ವರ್ಷ ವರ್ಷ ಬಿತ್ತಿದ್ದರಿಂದ. ಆಗರದ ಜೀವಿಗಳೂ ಹಾಗೆಯೇ ಉಳಿದವು. ಆ ದುಡಿಮೆಯನ್ನು ವೈಭವೀಕರಿಸುವ ಅಗತ್ಯವೂ ಇಲ್ಲ. ಬರಿಗಾಲಲ್ಲಿ ಉಪ್ಪುನೀರಲ್ಲಿ ನಿಂತು ಕಾಲು ಸೀಳಿಸಿಕೊಂಡವರ ಕೂಲಿ ಎಂದೂ ಅವರ ಶ್ರಮಕ್ಕೆ ತಕ್ಕಂತಿರಲಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಎಪ್ಪತ್ತು ವರ್ಷ ಸಮುದ್ರದ ಬ್ಯಾಕ್ಟೀರಿಯಾಗಳನ್ನು ಹುಡುಕಿದರೂ ಅವುಗಳಿಂದ ಬಂದ ಒಂದೇ ಒಂದು ಪ್ರತಿಜೀವಕವೂ ಔಷಧದಂಗಡಿ ಸೇರಿಲ್ಲ. ಆಗರದ ಆರ್ಕಿಯಾಗಳು ತಯಾರಿಸುವ, 1982ರಲ್ಲಿ ಬೆಳಕಿಗೆ ಬಂದ ಹ್ಯಾಲೋಸಿನ್‌ಗಳೂ ಮುಖ್ಯವಾಗಿ ತಮ್ಮ ದಾಯಾದಿಗಳನ್ನೇ ಕೊಲ್ಲುತ್ತವೆ. ಎರಡೂ ಸತ್ಯ. ಆದರೆ ಸೋಲಿನ ಕಾರಣವನ್ನು ಸರಿಯಾಗಿ ಗುರುತಿಸಬೇಕು. ಪ್ರಯೋಗಾಲಯದ ತಟ್ಟೆಯಲ್ಲಿ ರೋಗಾಣುವನ್ನು ತಡೆಯುವ ಪದಾರ್ಥ ಸಿಗುವುದು ಕಷ್ಟವಲ್ಲ. ಅದು ಹಳೆಯದೇ ಅಲ್ಲವೆಂದು ಖಚಿತಪಡಿಸಿ, ಮನುಷ್ಯನಿಗೆ ವಿಷವಲ್ಲವೆಂದು ತೋರಿಸಿ, ಸಾಕಷ್ಟು ತಯಾರಿಸುವುದು ಕಷ್ಟ. ಅದಕ್ಕಿಂತ ಕಷ್ಟ ಹಣ. ಹೊಸ ಪ್ರತಿಜೀವಕವನ್ನು ವೈದ್ಯರು ಕಟ್ಟಕಡೆಗೆಂದು ಎತ್ತಿಡುತ್ತಾರೆ, ಎತ್ತಿಡಲೇಬೇಕು; ಹಾಗಾಗಿ ಕಂಪನಿಗೆ ಲಾಭವಿಲ್ಲ. ಅಮೆರಿಕದ ಅಕಾಯೊಜೆನ್ ಎಂಬ ಕಂಪನಿ 2018ರಲ್ಲಿ ಹೊಸ ಪ್ರತಿಜೀವಕಕ್ಕೆ ಮಂಜೂರಾತಿ ಪಡೆದು ಮರುವರ್ಷವೇ ದಿವಾಳಿಯಾಯಿತು. ಇತ್ತ 2019ರಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ನೇರ ಕಾರಣದಿಂದ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ದಿ ಲ್ಯಾನ್ಸೆಟ್ ಪತ್ರಿಕೆಯ ಅಧ್ಯಯನ ಅಂದಾಜಿಸಿದೆ. ಬರಿದಾಗಿರುವುದು ಸಮುದ್ರವಲ್ಲ, ಹುಡುಕುವವರ ಜೇಬು. ಬ್ರೋಟ್ಜು ಶಿಲೀಂಧ್ರ ಬೆಳೆಸಿದ ಮೇಲೂ ಮೊದಲ ಸೆಫಲೋಸ್ಪೋರಿನ್ ಔಷಧ ಮಾರುಕಟ್ಟೆಗೆ ಬರಲು 1964ರವರೆಗೆ ಕಾಯಬೇಕಾಯಿತು. ಅವಸರದಿಂದ ಅಳೆದಿದ್ದರೆ ಅದನ್ನೂ ಕೈಬಿಡಬೇಕಿತ್ತು.

ಇನ್ನು ಕೆಲವರು, ಈಗ ಜೀವಿಯ ವಂಶವಾಹಿಗಳನ್ನು ಓದಿ ಕಂಪ್ಯೂಟರಿನಲ್ಲೇ ಔಷಧ ಹುಡುಕಬಹುದು, ಆಗರ ಉಳಿದರೆಷ್ಟು ಬಿಟ್ಟರೆಷ್ಟು ಎನ್ನುತ್ತಾರೆ. ಓದುವುದಕ್ಕೂ ಜೀವಿ ಸಿಗಬೇಕಲ್ಲ. ಗೋವೆಯ ಆಗರಗಳು ಒಂದೊಂದಾಗಿ ಪಾಳು ಬಿದ್ದಿವೆ: ಕಟ್ಟೆ ಒಡೆದರೆ ಕಟ್ಟುವವರಿಲ್ಲ, ಕೆಲವೆಡೆ ಕಾಂಡ್ಲಾ ಗಿಡ ಬೆಳೆದಿದೆ. ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳನ್ನು ಸೀಗಡಿ ಹೊಂಡಗಳು ನುಂಗಿದವು. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಮಾತ್ರ ನಾಗರಬೈಲಿನ ಸಹಕಾರಿ ಸಂಘ ಉಪ್ಪಿನ ಕೆಲಸವನ್ನು ಹಿಡಿದುಕೊಂಡಿದೆ. ಆಹಾರಕ್ಕೆ ಅಯೋಡಿನ್ ಇಲ್ಲದ ಉಪ್ಪು ಮಾರಬಾರದೆಂದು 2006ರ ಮೇ ತಿಂಗಳಲ್ಲಿ ಮತ್ತೆ ಜಾರಿಯಾದ ನಿಯಮ ಸಣ್ಣ ಆಗರಗಳಿಗೆ ದೊಡ್ಡ ಪೆಟ್ಟು ಕೊಟ್ಟಿತು. ಆ ನಿಯಮ ತಪ್ಪೆಂದು ಹೇಳಲಾರೆ. ಗಳಗಂಡ ಮತ್ತು ಮಕ್ಕಳ ಬುದ್ಧಿಮಾಂದ್ಯ ತಡೆಯಲು ಅಯೋಡಿನ್ ಬೇಕೇ ಬೇಕು. ತಪ್ಪಿದ್ದು, ಸಣ್ಣ ಆಗರದವನ ಉಪ್ಪಿಗೆ ಊರಲ್ಲೇ ಅಯೋಡಿನ್ ಬೆರೆಸುವ ಏರ್ಪಾಟನ್ನು ಎಲ್ಲೆಡೆ ಮಾಡದೆ ಅವನನ್ನು ಪೇಟೆಯಿಂದ ಹೊರಗಿಟ್ಟದ್ದು. 1880ರಲ್ಲಿ ಆಗರ ಮುಚ್ಚಿಸಿದ್ದು ಪರರ ತಿಜೋರಿ, ಈಗ ಮುಚ್ಚಿಸುತ್ತಿರುವುದು ನಮ್ಮ ಅಸಡ್ಡೆ.

ಬೆಳಗಾವಿಗೆ ಇದರಲ್ಲಿ ಮಾಡುವಂಥದ್ದು ಬಹಳಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2006ರಲ್ಲಿ ಇಲ್ಲಿ ಆರಂಭಿಸಿದ ಕೇಂದ್ರ ಈಗ ರಾಷ್ಟ್ರೀಯ ಪಾರಂಪರಿಕ ವೈದ್ಯಕೀಯ ಸಂಸ್ಥೆಯಾಗಿ ಪಶ್ಚಿಮ ಘಟ್ಟದ ಗಿಡಮೂಲಿಕೆಗಳ ಮೇಲೆ ಕೆಲಸ ಮಾಡುತ್ತಿದೆ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ. ಘಟ್ಟದ ಮೇಲಿನ ವೈದ್ಯಕೀಯವೂ ಕೆಳಗಿನ ಸಾಗರವಿಜ್ಞಾನವೂ ಕೂಡಿ ಸಾಣಿಕಟ್ಟಾದಿಂದ ಮಾಂಡೋವಿಯವರೆಗಿನ ಪ್ರತಿ ಆಗರದ ಜೀವಿಗಳನ್ನು ಸಂಗ್ರಹಿಸಿ ಕಾಪಾಡಬೇಕು. ಅದರಿಂದ ಮುಂದೆ ಲಾಭ ಬಂದರೆ 2002ರ ಜೀವವೈವಿಧ್ಯ ಕಾಯ್ದೆಯಂತೆ ಆಗರದವರಿಗೂ ಪಾಲು ಸಿಗಬೇಕು. ಯಾವ ಆಗರ ಎಷ್ಟು ಹಳೆಯದು, ಎಲ್ಲಿಯ ಉಪ್ಪು ಯಾವ ಪೇಟೆಗೆ ಹೋಗುತ್ತಿತ್ತು, ಎಲ್ಲಿ ಕೆಲಸ ನಿಂತು ಎಷ್ಟು ವರ್ಷವಾಯಿತು ಎಂಬುದು ತಿಳಿಯದೆ ಈ ಸಂಗ್ರಹ ಅರ್ಧವಾಗುತ್ತದೆ, ಮತ್ತು ಅದಕ್ಕೆ ಉತ್ತರ ಸಿಗುವುದು ವ್ಯಾಪಾರಿಗಳ ಲೆಕ್ಕಪತ್ರಗಳಲ್ಲಿ. ರವಿವಾರ ಪೇಟೆಯಲ್ಲಿ, ಖಾನಾಪುರದಲ್ಲಿ, ಲೋಂಡಾದಲ್ಲಿ ತಲೆಮಾರುಗಳಿಂದ ದಿನಸಿ ವ್ಯಾಪಾರ ಮಾಡಿದ ಮನೆತನಗಳಿಗೆ ಒಂದು ವಿನಂತಿ: ಅಟ್ಟದ ಮೇಲೆ ಉಪ್ಪು, ಒಣಮೀನಿನ ಲೆಕ್ಕವಿರುವ ಹಳೆಯ ಕಿರ್ದಿ, ಖಾತೆವಹಿಗಳಿದ್ದರೆ, ಮೋಡಿ ಲಿಪಿಯಲ್ಲಿರಲಿ, ಕನ್ನಡದಲ್ಲಿರಲಿ, ರದ್ದಿಗೆ ಹಾಕಬೇಡಿ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೆ ಒಮ್ಮೆ ತೋರಿಸಿ.